ಏಳು ತುಳಿತದ ಪದ

ಮನೆಯಿಂದ
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗನೇ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಕೇಳಬೇಕಾದ್ದನ್ನು ಕೇಳಿದೆ, ಇನ್ನು ಬೈಯುತ್ತೇನೆ. ಫೋನಿನಲ್ಲಿ ಬೈದರೆ ನನ್ನ ಮಾತನ್ನೂ ಅರ್ಧಕ್ಕೇ ತಡೆದು ನೀನೇ ಮುಗಿಸುತ್ತೀಯ. ಅದಕ್ಕೇ ಕಾಗದ.

ನಿನ್ನ ಮಗಳಿಗೆ ಆಸ್ಪತ್ರೆಯಲ್ಲಿ ಫೋನ್ ಎತ್ತುವ ಕೆಲಸ ಸಿಕ್ಕಿತಲ್ಲ, ಎತ್ತಿದ ಕೂಡಲೇ ವಿಭಾಗದ ಹೆಸರು ಹೇಳಬೇಕು. ಗ್ಯಾಸ್ಟ್ರೋಎಂಟರಾಲಜಿ! ಉಗ್ಗುವ ಹುಡುಗಿಗೆ ಇಂಥ ಹೆಸರು. ಇಟ್ಟ ಪುಣ್ಯಾತ್ಮ ಯಾರೋ! ಕೆಲಸಕ್ಕೆ ಸೇರುವ ಮೊದಲು ಮೂರು ವಾರ ನನ್ನ ಹೊಲಿಗೆ ಯಂತ್ರದ ಪಕ್ಕ ಕೂತು ಆ ಹೆಸರನ್ನು ಬಿಚ್ಚಿದಳು. ಒಂದು ತುಂಡು ಹೊಟ್ಟೆಯಂತೆ, ಒಂದು ಕರುಳಂತೆ, ಬಾಲದಲ್ಲಿರುವುದು ಶಾಸ್ತ್ರವಂತೆ. ಮೂರನ್ನೂ ಸೇರಿಸಿ ಹೊಲಿದಿದ್ದಾರೆ, ಅಷ್ಟೇ ತಾನೇ, ಎಂದೆ. ಗ್ಯಾಸ್, ಟ್ರೋ, ಎನ್, ಟ, ರಾ, ಲ, ಜಿ. ನಾನು ಏಳು ಸಲ ಪೆಡಲ್ ತುಳಿಯುವುದು, ಅವಳು ಒಂದೊಂದು ತುಳಿತಕ್ಕೆ ಒಂದೊಂದು ಹೇಳುವುದು. ಐದನೆಯದಕ್ಕೆ, ಆ 'ರಾ'ಗೆ, ಜೋರಾಗಿ ತುಳಿಯಬೇಕು. ಪದದ ಭಾರವೆಲ್ಲ ಅಲ್ಲಿದೆಯಂತೆ, ಅದನ್ನು ದಾಟಿದರೆ ಉಳಿದೆರಡು ತಾವೇ ಬರುತ್ತವಂತೆ. ಈ ಗದ್ದಲದಲ್ಲಿ ಪೋಸ್ಟಿನವನ ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟೆ. ಹೋಗಲಿ. ಕೊನೆಗೆ ಹೇಳಿದಳು, ನಿಧಾನವಾಗಿ, ಆದರೆ ಪೂರ್ತಿ.

ಅವಳು ಕೆಲಸಕ್ಕೆ ಸೇರಿದ ಮೇಲೆ ನೀನು ಆಸ್ಪತ್ರೆಗೆ ಫೋನ್ ಮಾಡಿದೆ. ಅವಳು 'ಎನ್'ವರೆಗೆ ಬಂದಿದ್ದಳು. ಉಳಿದದ್ದನ್ನು ನೀನು ಪಟಪಟನೆ ಹೇಳಿ ಮುಗಿಸಿದೆ. "ಯಾಕಮ್ಮ ಒದ್ದಾಡ್ತೀಯ" ಅಂದೆ. ಅಷ್ಟಕ್ಕೇ ಬಿಟ್ಟೆಯಾ? ದೊಡ್ಡ ನರ್ಸಮ್ಮನನ್ನು ಫೋನಿಗೆ ಕರೆಸಿ, "ಪಾಪ, ಅವಳ ಕೈಲಿ ಆಗಲ್ಲ, ಫೈಲು ಜೋಡಿಸೋ ಕೆಲ್ಸ ಕೊಡಿ" ಅಂದೆ. ಯಾರು ಕೇಳಿದರು ನಿನ್ನನ್ನು? ಈಗ ಹುಡುಗಿ ಕಿಟಕಿಯಿಲ್ಲದ ಕೋಣೆಯಲ್ಲಿ ಫೈಲುಗಳ ನಡುವೆ ಕೂತಿದ್ದಾಳೆ. ಮನೆಗೆ ಬಂದರೂ ತುಟಿ ಪಿಟಕ್ಕೆನ್ನುವುದಿಲ್ಲ. ನೋಡಿದರೆ ನನ್ನ ಮೈಯೆಲ್ಲ ಉರಿಯುತ್ತದೆ. ಮೂರು ವರ್ಷದವಳಿದ್ದಾಗಿನಿಂದ ಅವಳ ಮಾತನ್ನು ನೀನೇ ಮುಗಿಸುತ್ತಾ ಬಂದಿದ್ದೀಯ, ಅದನ್ನೇ ಪ್ರೀತಿ ಅಂದುಕೊಂಡಿದ್ದೀಯ. ಅದು ಬರೀ ಅವಸರ ಕಣೋ. ನಾನೂ ಮಾಡಿದ್ದೇನೆ, ಇಲ್ಲವೆನ್ನುವುದಿಲ್ಲ.

ನಿನ್ನೆ ನಾನೇ ಆಸ್ಪತ್ರೆಗೆ ಹೋದೆ. "ಹೆತ್ತಪ್ಪನೇ ಹೇಳಿದ್ಮೇಲೆ ನಾನೇನ್ ಮಾಡ್ಲಿ ಅಮ್ಮಾ?" ಅಂದರು ನರ್ಸಮ್ಮ. ನಾಚಿಕೆಯಿಂದ ತಲೆ ತಗ್ಗಿಸಿದೆ, ಆದರೆ ಎದ್ದು ಬರಲಿಲ್ಲ. ಕೊನೆಗೆ ಒಪ್ಪಿದರು. ಬರುವ ಸೋಮವಾರ ಬೆಳಗ್ಗೆ ಹತ್ತಕ್ಕೆ ಬರುವ ಒಂದು ಕರೆಯನ್ನು ಅವಳು ಎತ್ತಬೇಕು, ಅವರು ಪಕ್ಕದಲ್ಲಿ ನಿಂತು ಕೇಳುತ್ತಾರೆ. ಹೆಸರು ಪೂರ್ತಿ ಹೇಳಿದರೆ ಆ ಕುರ್ಚಿ ಮತ್ತೆ ಅವಳದು.

ನಿನಗೆ ಒಳ್ಳೆಯದಾಗಲಿ. ಹರಸಿದ್ದೇನೆಂದು ಕೋಪ ಇಳಿದಿದೆ ಎಂದು ತಿಳಿಯಬೇಡ.

ನಿನ್ನ ಅಮ್ಮ

ತಾ.ಕ.: ಆ ಕರೆಯನ್ನು ನೀನೇ ಮಾಡಬೇಕು. ಬೇರೆ ಯಾರಾದರೂ ಮಾಡಲಿ ಎಂದು ಮನೆಗೆ ಬಂದು ಅವಳಿಗೆ ಎಷ್ಟೋ ಹೇಳಿದೆ. ಆಗ, ವಾರದ ಮೇಲೆ ಮೊದಲ ಸಲ, ಹುಡುಗಿ ಬಾಯಿ ಬಿಟ್ಟಳು: "ಅ... ಅಪ್ಪನೇ ಮಾಡ್ಲಿ ಅಜ್ಜಿ. ಅಪ್ಪನ ಹತ್ರ ಹೇಳಿದ್ರೆ ಯಾರ ಹತ್ರ ಬೇಕಾದ್ರೂ ಹೇಳ್ತೀನಿ." ಎಷ್ಟು ಹೊತ್ತಾದರೂ ಫೋನ್ ಇಡಬೇಡ. ಅವಳು 'ಜಿ' ಅನ್ನುವ ತನಕ ಬಾಯಿ ಮುಚ್ಚಿಕೊಂಡಿರು.