ತೆಳು ಗ್ಲೌಸು

ಅಣ್ಣನಿಗೆ ತಂಗಿಯ ನಮಸ್ಕಾರ.

ನಾನು ಬಿಟ್ಟ ಕೆಲಸಕ್ಕೆ ನಾದಿನಿಯನ್ನು ಕಳಿಸು ಎಂದು ಹೇಳಿದ್ದೀಯ. ಕಳಿಸುವುದಿಲ್ಲ. ಅವಳಿಗೀಗ ಮೂರು ತಿಂಗಳು.

ನಿಮ್ಮ ಪ್ರಿಂಟಿಂಗ್ ಫ್ಯಾಕ್ಟರಿಯಲ್ಲಿ ಅಚ್ಚಿನ ಪರದೆ ತೊಳೆಯಲು ಕೊಡುವ ಗ್ಲೈಕಾಲ್ ಈಥರ್ ಎಂಬ ದ್ರಾವಣ ನೋಡಲು ನೀರಿನಂತೆಯೇ ಇರುತ್ತದೆ. ಅಂಥ ಘಾಟಿಲ್ಲ, ಕೈ ಉರಿಯುವುದಿಲ್ಲ, ಎಂಥ ಶಾಯಿಯನ್ನಾದರೂ ಬಿಡಿಸುತ್ತದೆ. ತೆಳು ಗ್ಲೌಸನ್ನೂ ದಾಟಿ ಚರ್ಮದಿಂದ ಮೈ ಸೇರುತ್ತದೆ. ದಪ್ಪ ರಬ್ಬರಿನ ಗ್ಲೌಸು ತಪಾಸಣೆಯವರು ಬಂದ ದಿನ ಮಾತ್ರ ನಿನ್ನ ಬೀರುವಿನಿಂದ ಹೊರಬರುತ್ತಿತ್ತು. ಒಮ್ಮೆ ಕೇಳಿದ್ದಕ್ಕೆ, "ಏನಮ್ಮ ಮಹಾರಾಣಿ, ಕೈ ಸವೆದುಹೋಗುತ್ತಾ?" ಎಂದು ಎಲ್ಲರನ್ನೂ ನಗಿಸಿದವನು ನೀನು. ನಾನೂ ನಕ್ಕೆ, ಸೂಪರ್‌ವೈಸರ್ ನನ್ನ ಸ್ವಂತ ಅಣ್ಣನಲ್ಲವೇ.

ಎರಡನೆಯ ಬಾರಿಯೂ ಗರ್ಭ ನಿಲ್ಲದೆ ಹೋದ ಮೇಲೆ ಡಾಕ್ಟರು ಆ ದ್ರಾವಣದ ಡಬ್ಬದ ಮೇಲಿನ ಚೀಟಿ ತರಿಸಿ ನೋಡಿದರು. ಗರ್ಭಕ್ಕೆ ಅಪಾಯವೆಂದು ಅದರ ಮೇಲೇ ಅಚ್ಚಾಗಿದೆ. ಅವರು ಬೈದದ್ದು ನನ್ನನ್ನು.

ಪರದೆ ತೊಳೆಯುವ ಆ ಮೇಜಿಗೆ ಯಾರೇ ಬರಲಿ, ದಪ್ಪ ಗ್ಲೌಸು ಕೊಡು, ಮೊಳೆ ಹೊಡೆದು ಮುಚ್ಚಿರುವ ಅಲ್ಲಿಯ ಕಿಟಕಿಯನ್ನು ಗಾಳಿಯಾಡಲು ತೆರೆಸು. ಬಸುರಿಯರನ್ನಂತೂ ಕೂರಿಸಲೇಬೇಡ.

ಇನ್ನೊಂದು ಮಾತು. "ಪಾಪ, ಅವಳ ಹಣೆಯಲ್ಲಿ ಮಕ್ಕಳ ಭಾಗ್ಯ ಬರೆದಿಲ್ಲ" ಎಂದು ಅಮ್ಮನ ಮುಂದೆ ನಿಟ್ಟುಸಿರು ಬಿಡುತ್ತೀಯಂತೆ. ಅದನ್ನು ನಿಲ್ಲಿಸು. ಅಮ್ಮ ನಿನ್ನ ಮಾತು ನಂಬುತ್ತಾಳೆ.

ಇತಿ,
ನಿನ್ನ ತಂಗಿ