ಕ್ವಾರ್ಟ್ಜ್ ಕೊಳವೆಯ ಮೇಲಿನ ಹೆಬ್ಬೆರಳು

ಆವಲಪ್ಪನವರೇ,

ನೀವು ತೀರಿಕೊಂಡು ಹದಿನೆಂಟು ದಿನ. ಇವತ್ತು ಬೆಳಿಗ್ಗೆ ಜಾಲಹಳ್ಳಿಯ ನಮ್ಮ ಲ್ಯಾಬಿನ ಫರ್ನೇಸ್ ತೆರೆದೆ. ನೀವು ಕೊನೆಯದಾಗಿ ಬಾಯಿ ಕರಗಿಸಿ ಸೀಲ್ ಮಾಡಿದ ಕ್ವಾರ್ಟ್ಜ್ ಗಾಜಿನ ಕೊಳವೆಯಲ್ಲಿ ಸೂಪರ್‌ಕಂಡಕ್ಟರ್ ಹರಳು ಬೆಳೆದಿದೆ, ಕನ್ನಡಿಯ ಹಾಗೆ.

ಕೊಳವೆಯ ಹೊರಮೈಯಲ್ಲಿ ಬೆಳ್ಳಗೆ ನಿಮ್ಮ ಹೆಬ್ಬೆರಳ ಗುರುತು, ಹಳೇ ಗಾಯದ ಗೆರೆ ಸಮೇತ. ಒಳಗಿಡುವಾಗ ಕಂಡಿರಲಿಲ್ಲ, ಬೆವರಿನ ಉಪ್ಪು ಕಾವಿಗೆ ಗಾಜನ್ನೇ ಕಚ್ಚಿದೆ.

ನೀವು ಇದನ್ನು ಸೀಲ್ ಮಾಡಿದ ದಿನ ಎಲ್ಲರೆದುರು, “ಇಷ್ಟು ವರ್ಷ ಆದ್ರೂ ಗ್ಲೌಸ್ ಹಾಕ್ಕೋಬೇಕು ಅಂತ ಗೊತ್ತಾಗಲ್ವೇನ್ರೀ?” ಎಂದು ಕೂಗಾಡಿದ್ದೆ. “ಕೈ ತೊಳ್ಕಂಡೇ ಮುಟ್ಟಿದ್ದು ಮೇಡಂ,” ಎಂದು ನೀವು ಮನೆಗೆ ಹೊರಟಿರಿ. ಮರುದಿನ ಬರಲಿಲ್ಲ.

ಹರಳು ಬೇಕಾದರೆ ಕೊಳವೆ ಒಡೆಯಲೇಬೇಕು. ಗ್ಲೌಸ್ ಬಿಚ್ಚಿ ಆ ಗುರುತಿನ ಮೇಲೆ ನನ್ನ ಹೆಬ್ಬೆರಳಿಟ್ಟೆ. ಫರ್ನೇಸ್ ಆರಿಸಿ ಎರಡು ದಿನವಾಯಿತು, ಕೊಳವೆಯೆಲ್ಲ ತಣ್ಣಗಿದೆ. ಅಷ್ಟು ಜಾಗ ಮಾತ್ರ ಬೆಚ್ಚಗಿದೆ.