ಹೊಸ ಕಂಪ್ಯೂಟರಿನ ಜೊತೆ ಬಾರದ ಡಿಸ್ಕು

ಕಂಪ್ಯೂಟರ್ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಾಧಿಕಾರಿಗಳೇ,

ನಿಮ್ಮನ್ನು ಮಾನ್ಯರೇ ಎಂದು ಕರೆಯುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಐದು ತಿಂಗಳ ಹಿಂದೆ ನಿಮ್ಮ ಕಂಪನಿಯ ಹೊಸ ಕಂಪ್ಯೂಟರ್ ಕೊಂಡೆವು. ಅದು ಕೆಟ್ಟು ನಿಂತರೆ ಅದರ ಆಪರೇಟಿಂಗ್ ಸಿಸ್ಟಮ್ಮನ್ನು ಮತ್ತೆ ಕೂರಿಸಲು ಬೇಕಾದ ಡಿಸ್ಕನ್ನು ನೀವು ಕೊಡಲಿಲ್ಲ. ಕೇಳಿದರೂ ಕೊಡಲಿಲ್ಲ. ಹನ್ನೊಂದು ದಿನಗಳಿಂದ ಆ ಯಂತ್ರ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಬಿಳಿ ಅಕ್ಷರ ತೋರಿಸುತ್ತ ಕುಳಿತಿದೆ. ಅದರಿಂದಾಗಿ ಒಬ್ಬ ಹೆಂಗಸಿನ ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿವೆ. ಡಿಸ್ಕಿಗೂ ಬೆರಳಿಗೂ ಏನು ಸಂಬಂಧ ಎಂದು ಕೇಳುತ್ತೀರಾ? ಅದನ್ನೇ ಹೇಳಲು ಈ ಹನ್ನೊಂದು ದಿನಗಳಲ್ಲಿ ಮೂರು ಸಲ ದೂರವಾಣಿ ಮಾಡಿದೆ. ಮೂರು ಸಲವೂ ನನ್ನ ಮಾತು ಅರ್ಧಕ್ಕೆ ನಿಲ್ಲಿಸಿ ಸಂಗೀತ ಹಾಕಿದರು. ಈ ಬಹಿರಂಗ ಪತ್ರದಲ್ಲಿ ಆ ಅನುಕೂಲ ನಿಮಗಿಲ್ಲ.

ನಮ್ಮದು ಹೊಲಿಗೆಯ ಮನೆ. ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ, ಕಿಟಕಿಯ ಕೆಳಗೆ ಕತ್ತರಿಸುವ ಮೇಜು. ನಾವು ಹೊಲಿಯುವುದು ಸಿಂಗಾರದ ಬಟ್ಟೆಯಲ್ಲ. ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಗಂಟುಗಟ್ಟಿ ಉಬ್ಬದಂತೆ ಒತ್ತಿ ಹಿಡಿಯುವ ಕೈಗವಸು, ತೋಳು, ಕುತ್ತಿಗೆಪಟ್ಟಿ ಹೊಲಿಯುತ್ತೇವೆ. ಸ್ನಾನದ ಹೊತ್ತು ಬಿಟ್ಟು ಹಗಲಿರುಳೂ ಅವನ್ನು ತೊಟ್ಟಿರಬೇಕು. ಒಂದು ಕೈಗೆ ಮೂವತ್ತೆರಡು ಅಳತೆ. ಆಸ್ಪತ್ರೆಯವರು ಅಳತೆ ಕಳಿಸುತ್ತಾರೆ, ನನ್ನ ಹಿರಿಸೊಸೆ ಅದನ್ನು ಕಂಪ್ಯೂಟರಿಗೆ ತುಂಬುತ್ತಾಳೆ, ಬಟ್ಟೆ ಎಲ್ಲೆಲ್ಲಿ ಎಷ್ಟು ಎಳೆದಿರಬೇಕೆಂದು ಆಸ್ಪತ್ರೆಯವರೇ ಕೊಟ್ಟ ಪ್ರೋಗ್ರಾಂ ನಕ್ಷೆ ತೆಗೆದುಕೊಡುತ್ತದೆ. ಆ ಆಸ್ಪತ್ರೆಗೆ ಇದನ್ನು ಹೊಲಿದುಕೊಡುವವರು ನಾವೊಬ್ಬರೇ, ಆ ಪ್ರೋಗ್ರಾಂ ಓಡಿಸಲು ಅನುಮತಿ ಇರುವುದೂ ಈ ಒಂದೇ ಕಂಪ್ಯೂಟರಿಗೆ.

ನಮ್ಮ ಮನೆಗೆ ಯಾವ ಯಂತ್ರ ಬಂದರೂ ನಾನು ಒಪ್ಪಿಸಿಕೊಳ್ಳದೆ ಯಾರೂ ಮುಟ್ಟುವಂತಿಲ್ಲ. ನೆಲಕ್ಕೆ ಬಿಳಿ ಬಟ್ಟೆ ಹಾಸಿ ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಸಾಲಾಗಿ ಇಡುತ್ತೇನೆ. ಹೊಲಿಗೆ ಯಂತ್ರದ ಜೊತೆ ಎಣ್ಣೆ ಡಬ್ಬಿ, ಸ್ಕ್ರೂಡ್ರೈವರ್, ಸೂಜಿ ಪೊಟ್ಟಣ, ಬಿಡಿ ಬೆಲ್ಟ್ ಎಲ್ಲ ಬಂದಿದ್ದವು. ನಿಮ್ಮ ಪೆಟ್ಟಿಗೆಯಲ್ಲಿ ಬಂದದ್ದು ಒಂದು ತಂತಿ ಮತ್ತು ಅಭಿನಂದನೆ ಹೇಳುವ ಒಂದು ಬಣ್ಣದ ಕಾಗದ. ಅಂದೇ ನಿಮ್ಮ ಕಚೇರಿಗೆ ಕರೆ ಮಾಡಿದೆ.

“ಅಮ್ಮಾ, ಈಗ ಯಾರೂ ಡಿಸ್ಕ್ ಕೊಡಲ್ಲ. ಎಲ್ಲಾ ಕಂಪ್ಯೂಟರ್ ಒಳಗೇ ಇರುತ್ತೆ” ಎಂದ ನಿಮ್ಮವನು.

“ಕಂಪ್ಯೂಟರೇ ಏಳದಿದ್ರೆ?”

“ಆಗ ಒಳಗಿರೋದ್ರಿಂದ್ಲೇ ಸರಿ ಮಾಡ್ಕೋಬಹುದು.”

“ಅಂದ್ರೆ ಬಾವಿಗೆ ಬಿದ್ದವನ ಸೊಂಟಕ್ಕೇ ಹಗ್ಗ ಸುತ್ತಿ ಇಟ್ಟಿದ್ದೀರಿ.”

ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ಮೊದಲ ದಿನವೇ ನಾವಾಗಿ ಒಂದು ಡಿಸ್ಕ್ ಮಾಡಿಟ್ಟುಕೊಳ್ಳಬಹುದಿತ್ತಂತೆ. ಅದನ್ನು ಅವನು ಹೇಳಲಿಲ್ಲ. ಕೈಪಿಡಿಯ ಅರವತ್ತೊಂದನೆಯ ಪುಟದಲ್ಲಿ ಇದೆಯಂತೆ, ಆ ಕೈಪಿಡಿಯೂ ಕಂಪ್ಯೂಟರಿನ ಒಳಗೇ ಇದೆಯಂತೆ. ಇಷ್ಟು ಅಚ್ಚುಕಟ್ಟಾಗಿ ಬಚ್ಚಿಡುವ ಕಲೆಯನ್ನು ನಿಮ್ಮಲ್ಲಿ ಯಾರು ಕಲಿಸುತ್ತಾರೆ?

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಿಮ್ಮವರು ಅದನ್ನು ಸೊಸೆಯ ತಲೆಗೆ ಕಟ್ಟಲು ನೋಡಿದರು, ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಪ್ರತಿ ಶನಿವಾರ ಕಪಾಟು ಖಾಲಿ ಮಾಡುವ ಪದ್ಧತಿ. ಬಳಕೆಗೆ ಬಾರದ ತುಂಡು ಬಟ್ಟೆಗೆ ಇಲ್ಲಿ ಜಾಗವಿಲ್ಲ. ಎರಡು ತಿಂಗಳ ಹಿಂದೆ ಒಂದು ಶನಿವಾರ, ಕಂಪ್ಯೂಟರಿನಲ್ಲಿ ನಕ್ಷೆ ಇಡಲು ಜಾಗ ಸಾಲದೆ ಸೊಸೆ ಕರೆದಳು.

“ಅತ್ತೆ, ಇಲ್ಲೊಂದು ಭಾಗ ಇದೆ. ತೆರೆಯೋಕೂ ಬರಲ್ಲ, ಏನೂ ಇಡೋಕೂ ಬರಲ್ಲ. ಹೆಸರೂ ಇಲ್ಲ.”

“ತೆಗೆದು ಹಾಕು.”

“ಏನೋ ಎಚ್ಚರಿಕೆ ಅಂತ ಬರ್ತಿದೆ.”

“ಬರ್ಲಿ. ಶನಿವಾರ ಅಲ್ವಾ, ತೆಗಿ.”

ತೆಗೆದಳು. ಡಿಸ್ಕಿನ ಬದಲು ನೀವು ಒಳಗೆ ಬಚ್ಚಿಟ್ಟ ಸರಕೆಲ್ಲ ಇದ್ದದ್ದು ಅಲ್ಲೇ. ಆಜ್ಞೆ ನನ್ನದು, ತಪ್ಪೂ ನನ್ನದು. ಆದರೆ ನನ್ನ ಮನೆಯಲ್ಲಿ ಗುಂಡಿಯ ಡಬ್ಬಿಗೂ ಒಂದು ಚೀಟಿ ಅಂಟಿಸಿರುತ್ತದೆ. ಅಷ್ಟು ದೊಡ್ಡ ಕಂಪನಿಗೆ ಒಂದು ಚೀಟಿ ದುಬಾರಿಯಾಯಿತೇ?

ಹನ್ನೊಂದು ದಿನಗಳ ಹಿಂದೆ, ಯಂತ್ರ ತನ್ನಷ್ಟಕ್ಕೆ ಏನನ್ನೋ ಹೊಸದು ಮಾಡಿಕೊಳ್ಳುತ್ತಿದ್ದಾಗ ಕರೆಂಟ್ ಹೋಯಿತು. ಆಮೇಲೆ ಅದು ಏಳಲಿಲ್ಲ. ಅಳತೆಗಳು ಉಳಿದಿವೆ. ಸೊಸೆ ಪ್ರತಿ ಸಂಜೆ ಅವನ್ನು ಬೇರೆ ಕಡೆ ನಕಲು ಮಾಡಿಡುತ್ತಾಳೆ. ಬೇಕಾಗಿರುವುದು ಡಿಸ್ಕು ಮಾತ್ರ. ಮತ್ತೆ ಮೂರು ಕರೆ ಮಾಡಿದೆ. ಒಬ್ಬರು ಒಳಗಿರುವುದನ್ನೇ ಬಳಸಿ ಎಂದರು. ಇನ್ನೊಬ್ಬರು, ಅಳಿಸಿದವರು ನೀವು, ಅನುಭವಿಸಿ ಎಂಬುದನ್ನು ಬಹಳ ಸಭ್ಯವಾಗಿ ಹೇಳಿದರು. ಮೂರನೆಯವರು ಇಡೀ ಕಂಪ್ಯೂಟರನ್ನು ಕಳಿಸಿ, ಆರು ವಾರ ಆಗುತ್ತದೆ ಎಂದರು. ಅಂಗೈಯಗಲದ ಡಿಸ್ಕು ನಿಮ್ಮಿಂದ ನಮ್ಮ ಕಡೆಗೆ ಬರಲಾರದು, ಇಬ್ಬರು ಹೊರಬೇಕಾದ ಪೆಟ್ಟಿಗೆ ನಮ್ಮಿಂದ ನಿಮ್ಮ ಕಡೆಗೆ ಬರಬಹುದು. ಇದು ಯಾವ ಅಂಚೆಯ ನಿಯಮ?

ಬೀದಿಯ ತುದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿದ್ದಾನೆ. ಜೇಬಿನಲ್ಲಿ ಸದಾ ಒಂದು ಚಿಮಟ ಇರುವುದರಿಂದ ಎಲ್ಲರೂ ಅವನನ್ನು ಚಿಮಟ ಎಂದೇ ಕರೆಯುತ್ತಾರೆ. ಯಂತ್ರ ನಿಂತ ಮೂರನೆಯ ದಿನ ಬಂದು ನೋಡಿದ.

“ಅಜ್ಜಿ, ನನ್ಹತ್ರ ಡಿಸ್ಕ್ ಇದೆ. ಒಂದು ಗಂಟೆ ಕೆಲಸ.”

“ಯಾರದು?”

“ಯಾರದೋ. ಕಾಪಿ. ಅರ್ಧ ಊರು ಇದ್ರ ಮೇಲೇ ಓಡ್ತಿದೆ.”

“ಕಳ್ಳಮಾಲು ನನ್ನ ಹೊಸ್ತಿಲು ದಾಟಲ್ಲ. ಚಹಾ ಕುಡಿದು ಹೊರಡು.”

ಕದ್ದ ಪ್ರೋಗ್ರಾಂ ಬಳಸುವುದಿಲ್ಲವೆಂದು ಆಸ್ಪತ್ರೆಗೆ ಸಹಿ ಹಾಕಿಕೊಟ್ಟಿದ್ದೇನೆ. ಸಹಿ ಇಲ್ಲದಿದ್ದರೂ ಅದೇ ಮಾತು ಹೇಳುತ್ತಿದ್ದೆ. ನನಗೆ ಆಗ ನನ್ನ ಕೈಯ ಮೇಲೆ ನಂಬಿಕೆಯಿತ್ತು. ನಲವತ್ತು ವರ್ಷ ಕತ್ತರಿ ಹಿಡಿದವಳಿಗೆ ಒಂದು ಕೈಗವಸಿನ ನಕ್ಷೆ ಬರದೇ ಎಂದುಕೊಂಡೆ.

ಲಾಂಡ್ರಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನ ಬಲಗೈ ಹಬೆಯ ಇಸ್ತ್ರಿಗೆ ಸಿಕ್ಕಿ ಬೆಂದಿತ್ತು. ಅವಳ ಹಳೆಯ ಗವಸು ಸಡಿಲವಾಗಿ ಹೊಸದು ಬೇಕಾಗಿತ್ತು. ಮೂವತ್ತೆರಡು ಅಳತೆಗಳನ್ನು ಎದುರಿಗಿಟ್ಟುಕೊಂಡು ನಾನೇ ಕಾಗದದ ಮೇಲೆ ಗೆರೆ ಎಳೆದೆ, ನಾನೇ ಕತ್ತರಿಸಿದೆ, ನಾನೇ ಹೊಲಿದು ಆಸ್ಪತ್ರೆಗೆ ಒಯ್ದು ತೊಡಿಸಿದೆ. ಕೂರುವುದಕ್ಕೇನೋ ಚೆನ್ನಾಗಿಯೇ ಕೂತಿತು. ಅರ್ಧ ಗಂಟೆಯಲ್ಲಿ ಅವಳ ಉಂಗುರ ಬೆರಳು ನೀಲಿಗಟ್ಟಿತು. ನರ್ಸ್ ಓಡಿಬಂದು ಕತ್ತರಿಯಿಂದ ಗವಸನ್ನು ಸೀಳಿ ತೆಗೆದಳು. ನಾನು ಹೊಲಿದದ್ದನ್ನು ಇನ್ನೊಬ್ಬರು ಹಾಗೆ ಸೀಳಿದ್ದನ್ನು ನೋಡಿದ್ದು ಅದೇ ಮೊದಲು.

“ಬಿಡಿ ಅಮ್ಮಾ, ನೀವೇನು ಬೇಕಂತ ಮಾಡಿದ್ರಾ? ಎಣಿಸಿ ನೋಡಿ, ಐದೂ ಇದಾವೆ” ಎಂದಳು ಆ ಹೆಂಗಸು. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವಳು ಅವಳು.

ನರ್ಸ್ ನನ್ನನ್ನು ಪಕ್ಕಕ್ಕೆ ಕರೆದಳು. “ಹಳೇ ಗವಸು ಹಿಡಿತಾನೇ ಇಲ್ಲ. ಇನ್ನೆರಡು ವಾರ ಹೀಗೇ ಬಿಟ್ರೆ ಬೆರಳು ನೇರ ಆಗಲ್ಲ. ಮತ್ತೆ ಆಪರೇಷನ್ನೇ ಗತಿ.”

ಆ ಎರಡು ವಾರದಲ್ಲಿ ಮೂರು ದಿನ ಕಳೆದಿವೆ. ಅಂದು ಮನೆಗೆ ಬಂದು, ಏನೇ ಆಗಲಿ ಚಿಮಟನ ಡಿಸ್ಕು ಬೇಡ ಎಂದು ಮತ್ತೆ ಹೇಳಿದೆ. ನನಗೆ ಒಂದು ದಿನವೂ ಎದುರುತ್ತರ ಕೊಡದ ಸೊಸೆ, ತಗ್ಗಿಸಿದ ತಲೆ ಎತ್ತದೆ ಕೇಳಿದಳು.

“ನಿಮ್ಮ ಹೊಸ್ತಿಲೇನೋ ಚೊಕ್ಕ ಇರುತ್ತೆ ಅತ್ತೆ. ಅವಳ ಕೈ?”

ಆ ಪ್ರಶ್ನೆಯನ್ನು ಈಗ ನಿಮಗೆ ದಾಟಿಸುತ್ತಿದ್ದೇನೆ. ಉತ್ತರ ಹೊಳೆದರೆ ತಿಳಿಸಿ. ಮೂಲ ಡಿಸ್ಕನ್ನು ಕೊಡದೆ, ನಕಲಿಯನ್ನು ಬಳಸಬೇಡಿ ಎಂದು ನಿಮ್ಮ ಜಾಲತಾಣದಲ್ಲಿ ನೀತಿಪಾಠ ಹಾಕಿದ್ದೀರಿ. ಪ್ರಾಮಾಣಿಕವಾಗಿರಬೇಕೆಂದಿದ್ದವರಿಗೆ ನೀವು ತೆರೆದಿಟ್ಟ ದಾರಿ ಯಾವುದು?

ನನ್ನ ಬೇಡಿಕೆ ಇದು. ಯಂತ್ರದ ಸಂಖ್ಯೆಯನ್ನು ನಿಮ್ಮವರು ನಾಲ್ಕು ಸಲ ಬರೆದುಕೊಂಡಿದ್ದಾರೆ, ಮತ್ತೆ ಕೊಡುವುದಿಲ್ಲ. ಅದರ ಡಿಸ್ಕನ್ನು ಸೋಮವಾರ ಬೆಳಿಗ್ಗೆ ಒಂಬತ್ತರ ಒಳಗೆ ನನ್ನ ಮನೆಗೆ ತಲುಪಿಸಿ. ಮುಂದೆ ನೀವು ಮಾರುವ ಪ್ರತಿ ಕಂಪ್ಯೂಟರಿನ ಪೆಟ್ಟಿಗೆಯಲ್ಲೂ ಒಂದನ್ನು ಇಡಿ.

ಒಂಬತ್ತಕ್ಕೆ ಬರಲು ಚಿಮಟನಿಗೆ ಹೇಳಿದ್ದೇನೆ. ನಿಮ್ಮ ಡಿಸ್ಕು ಅಷ್ಟರಲ್ಲಿ ಬಂದಿದ್ದರೆ ಅದನ್ನು ಹಾಕುತ್ತಾನೆ, ಇಲ್ಲದಿದ್ದರೆ ತನ್ನದನ್ನು ಹಾಕುತ್ತಾನೆ. ಮಧ್ಯಾಹ್ನಕ್ಕೆ ನಕ್ಷೆ, ಸಂಜೆಗೆ ಗವಸು ಸಿದ್ಧವಾಗುತ್ತದೆ. ಈ ಪತ್ರದ ಒಂದು ಪ್ರತಿ ಆಸ್ಪತ್ರೆಗೂ ಹೋಗಿದೆ. ಅವರು ನಮಗೆ ಕೊಟ್ಟ ಕೆಲಸ ಹಿಂತೆಗೆದುಕೊಂಡರೆ ತಕರಾರಿಲ್ಲ, ಆ ಒಂದು ಗವಸನ್ನು ಒಪ್ಪಿಸಿಕೊಂಡ ಮೇಲೆ ತೆಗೆದುಕೊಳ್ಳಲಿ ಎಂದು ಕೇಳಿಕೊಂಡಿದ್ದೇನೆ. ನೀವೂ ವಕೀಲರನ್ನು ಕಳಿಸುವುದಿದ್ದರೆ ಕಳಿಸಿ. ಕಳ್ಳರು ಯಾರೆಂದು ಹುಡುಕುವ ಶ್ರಮ ಅವರಿಗೆ ಬೇಡ, ಕೆಳಗೆ ಸಹಿ ಹಾಕಿದ್ದೇನೆ.

ಇಂತಿ,
ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ ನಿಮ್ಮ ಪ್ರಾಮಾಣಿಕ ಗ್ರಾಹಕಿ